ಕೂಸಿಗೆ ಅಕ್ಷರ ಯಾವಾಗ?

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಪಾಲಕರ ಮತ್ತು ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ. ಭಾಷಣಕಾರರು 2005ರ ಎಸ್ಸೆಸ್ಸೆಲ್ಸಿ ತಂಡದ ಹಳೆಯ ವಿದ್ಯಾರ್ಥಿ, ಬಿ.ಇ., ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್.)



ನಿನ್ನೆಯಿಂದ ಈ ವೇದಿಕೆಯಲ್ಲಿ ಶಾಲೆಯ ಐವತ್ತು ವರ್ಷಗಳ ಮಾತು ನಡೆದಿದೆ. ಗಿಡದ ನೆರಳಲ್ಲಿ ನಡೆದ ತರಗತಿಗಳು, ಕುಷ್ಟಗಿಯಿಂದ ಸೈಕಲ್ ತುಳಿದುಕೊಂಡು ಬರುತ್ತಿದ್ದ ಗುರುಗಳು, ಮೊದಲ ಸಲ ಬಂದ ಕಂಪ್ಯೂಟರ್, ಎಲ್ಲವನ್ನೂ ಹಿರಿಯರು ನನಗಿಂತ ಚೆನ್ನಾಗಿ ಹೇಳಿದ್ದಾರೆ. ನನಗೆ ಕೊಟ್ಟ ವಿಷಯ ಬೇರೆ. ಹೈಸ್ಕೂಲಿಗೆ ಬರುವ ಮಕ್ಕಳ ಬಗ್ಗೆ ಅಲ್ಲ, ಇನ್ನೂ ಅಂಬೆಗಾಲಿಡುವ ಕೂಸುಗಳ ಬಗ್ಗೆ ಮಾತಾಡು ಎಂದಿದ್ದಾರೆ. ಅದಕ್ಕೆ ಕಾರಣ ನಮ್ಮ ಬಳಗದ ವಾಟ್ಸಾಪ್ ಗುಂಪು.

ಮಹೋತ್ಸವಕ್ಕೆ ನಾವು ಹಳೆಯ ವಿದ್ಯಾರ್ಥಿಗಳು ಕೂಡಿಸಿದ ಹಣದಲ್ಲಿ ಖರ್ಚು ಹೋಗಿ ಸ್ವಲ್ಪ ಉಳಿಯುತ್ತದೆ. ಅದನ್ನು ಏನು ಮಾಡಬೇಕು ಎಂಬ ಚರ್ಚೆಯಲ್ಲಿ ಒಬ್ಬ ಗೆಳೆಯ ಒಂದು ಸಲಹೆ ಕೊಟ್ಟ. ಶಾಲೆಯ ಕಾಂಪೌಂಡಿಗೆ ಹತ್ತಿ ಇರುವ ಅಂಗನವಾಡಿಗೆ ದೊಡ್ಡ ಟಿ.ವಿ. ಕೊಡಿಸೋಣ, ಅದರ ಜೊತೆಗೆ ಒಂದು ವರ್ಷದ ಕೂಸಿಗೇ ಓದಲು ಕಲಿಸುವ ಕಾರ್ಡು, ವಿಡಿಯೊಗಳ ಸೆಟ್ಟು ತರಿಸೋಣ ಎಂದ. "ಬೆಂಗಳೂರಾಗ ಎರಡು ವರ್ಷದ ಹುಡುಗ್ರು ಇಂಗ್ಲಿಷ್ ಓದಾಕತ್ತಾವ, ನಮ್ಮ ಹುಡುಗ್ರು ಯಾಕ ಹಿಂದ ಬೀಳಬೇಕು?" ಎಂದು ಬರೆದ. ಇಪ್ಪತ್ತು ಮೂವತ್ತು ಹೆಬ್ಬೆರಳು ಎದ್ದು ನಿಂತವು. ನಾನು "ಸ್ವಲ್ಪ ತಡೀರಿ" ಎಂದೆ. ತಡೀರಿ ಎಂದವನೇ ಮಾತಾಡಬೇಕು ಎಂದು ಗೋಷ್ಠಿಯವರು ತೀರ್ಮಾನಿಸಿದರು. ಹೀಗಾಗಿ ಇಲ್ಲಿದ್ದೇನೆ.

ಆ ಗೆಳೆಯನ ಕಾಳಜಿ ಸುಳ್ಳಲ್ಲ. ಅದು ನನ್ನ ಮನೆಯಲ್ಲೂ ಇದೆ. ನಮಗೆ ಹದಿನಾಲ್ಕು ತಿಂಗಳ ಮಗಳಿದ್ದಾಳೆ. ಅವಳು ಹುಟ್ಟಿದ ತಿಂಗಳಿಂದಲೇ ನಮ್ಮ ಮೊಬೈಲಿಗೆ ಜಾಹೀರಾತು ಶುರುವಾದವು. ಮೆದುಳು ಬೆಳೆಯುವುದು ಮೊದಲ ಮೂರು ವರ್ಷ, ಈಗ ಬಿಟ್ಟರೆ ಮತ್ತೆ ಸಿಗದು, ಬೇಗ ಕೊಳ್ಳಿರಿ ಎನ್ನುವ ಧಾಟಿ. ಒಬ್ಬರು ಮನೆಗೇ ಬಂದು ಹನ್ನೆರಡು ಸಾವಿರದ ಪೆಟ್ಟಿಗೆ ತೆರೆದು ತೋರಿಸಿದರು. ಅವರು ಹೋದ ಮೇಲೆ ನನ್ನ ಹೆಂಡತಿ ಕೇಳಿದ ಪ್ರಶ್ನೆ ಇದು: "ನೀವು ಹಳ್ಳಿ ಸಾಲಿಯಿಂದ ಬಂದು ಇಂಜಿನಿಯರಿಂಗ್‌ನಾಗ ಇಂಗ್ಲಿಷಿಗೆ ಎಷ್ಟು ಒದ್ದಾಡಿದ್ರಿ ಅಂತ ನೀವ ಹೇಳ್ತೀರಿ. ಮಗಳಿಗೂ ಅದ ಆಗಬೇಕೇನು?" ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕಲು ಆಗುವುದಿಲ್ಲ. ಕೂಸಿಗೆ ಕೈತುತ್ತು ಕೊಡುವ ತಾಯಿ ಯಾರೇ ಇರಲಿ, ಕೇಳುವ ಪ್ರಶ್ನೆ ಅದೇ. ಪೆಟ್ಟಿಗೆ ಕೊಳ್ಳುವ ಮುಂಚೆ ಒಂದಿಷ್ಟು ಓದಿ ತಿಳಿದುಕೊಳ್ಳೋಣ ಎಂದು ಇಬ್ಬರೂ ಕುಂತೆವು. ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತೇನೆ. ನಾನು ಶಿಕ್ಷಣತಜ್ಞನಲ್ಲ. ಆದರೆ ಒಂದು ವಸ್ತು ಹೇಳಿದ ಕೆಲಸ ಮಾಡುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡುವುದು ನನ್ನ ದಿನದ ಉದ್ಯೋಗ.

ಮೊದಲು ಈ ವಿಚಾರ ಎಲ್ಲಿಂದ ಬಂತು ಎಂದು ನೋಡೋಣ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಗ್ಲೆನ್ ಡೋಮನ್ ಎಂಬವರು ಮೆದುಳಿಗೆ ಪೆಟ್ಟಾದ ಮಕ್ಕಳ ಜೊತೆ ಕೆಲಸ ಮಾಡುತ್ತಿದ್ದರು. ಕೂಸಿಗೆ ಓದು ಕಲಿಸುವುದು ಹೇಗೆ ಎಂಬ ಅವರ ಪುಸ್ತಕ 1964ರಲ್ಲಿ ಬಂತು. ದೊಡ್ಡ ರಟ್ಟಿನ ಮೇಲೆ ದಪ್ಪ ಕೆಂಪು ಅಕ್ಷರದಲ್ಲಿ ಒಂದೊಂದೇ ಪದ ಬರೆದು, ಕೂಸಿನ ಮುಂದೆ ಸರಸರ ತೋರಿಸಿ ಹೇಳುತ್ತ ಹೋಗುವುದು ಅವರ ಪದ್ಧತಿ. ಇಂದು ಪೇಟೆಯಲ್ಲಿ ಸಿಗುವ ಫ್ಲ್ಯಾಶ್ ಕಾರ್ಡುಗಳಲ್ಲಿ ಬಹಳಷ್ಟು ಆ ಪುಸ್ತಕದ ಮೊಮ್ಮಕ್ಕಳು. ಆಮೇಲೆ ಕಾರ್ಡಿನ ಜಾಗಕ್ಕೆ ವಿಡಿಯೊ ಬಂತು. 1990ರ ದಶಕದ ಕೊನೆಗೆ ರಾಬರ್ಟ್ ಟಿಟ್ಜರ್ ಎಂಬವರು 'ಯುವರ್ ಬೇಬಿ ಕ್ಯಾನ್ ರೀಡ್' ಎಂಬ ವಿಡಿಯೊ ಮಾಲೆ ತಂದರು. ಒಂಬತ್ತು ತಿಂಗಳ ಕೂಸೂ ಓದಲು ಶುರು ಮಾಡಬಲ್ಲದು ಎಂಬ ಪ್ರಚಾರ. ಬೆಲೆ ಸುಮಾರು 200 ಡಾಲರ್. ಲಕ್ಷಗಟ್ಟಲೆ ತಂದೆ ತಾಯಿ ಕೊಂಡರು.

ಮುಂದೆ ಏನಾಯಿತು ಎನ್ನುವುದು ಮುಖ್ಯ. 2012ರಲ್ಲಿ ಅಮೆರಿಕ ಸರ್ಕಾರದ ಫೆಡರಲ್ ಟ್ರೇಡ್ ಕಮಿಷನ್, ಅಂದರೆ ಗ್ರಾಹಕರ ಹಿತ ಕಾಯುವ ಸಂಸ್ಥೆ, ಇದು ಸುಳ್ಳು ಜಾಹೀರಾತು ಎಂದು ದೂರು ಹಾಕಿತು. ಕಂಪನಿ ಅಂಗಡಿ ಮುಚ್ಚಿತು, ರಾಜಿ ಮಾಡಿಕೊಂಡಿತು. 2014ರಲ್ಲಿ ಟಿಟ್ಜರ್ ಕೂಡ ಒಪ್ಪಂದಕ್ಕೆ ಬಂದರು. ಅದೇ 2014ರಲ್ಲಿ ಸೂಸನ್ ನ್ಯೂಮನ್ ಎಂಬ ಪ್ರಾಧ್ಯಾಪಕರ ತಂಡದ ಒಂದು ಪ್ರಯೋಗ ಪ್ರಕಟವಾಯಿತು. ಒಂಬತ್ತರಿಂದ ಹದಿನೆಂಟು ತಿಂಗಳ 117 ಕೂಸುಗಳನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು. ಒಂದು ಪಾಲಿಗೆ ಏಳು ತಿಂಗಳು ದಿನಾಲೂ ವಿಡಿಯೊ, ಕಾರ್ಡು, ಪುಸ್ತಕ. ಇನ್ನೊಂದು ಪಾಲಿಗೆ ಏನೂ ಇಲ್ಲ, ಮನೆಯ ರೂಢಿ ಹೇಗಿತ್ತೋ ಹಾಗೆ. ಕಣ್ಣು ಎತ್ತ ಹೊರಳುತ್ತದೆ ಎಂದು ಅಳೆಯುವ ಯಂತ್ರವನ್ನೂ ಇಟ್ಟು ಪರೀಕ್ಷಿಸಿದರು. ಕೂಸುಗಳು ಓದಲು ಕಲಿತಿರಲಿಲ್ಲ. ಆದರೆ ನಮ್ಮ ಕೂಸು ಓದುತ್ತದೆ ಎಂದು ಕೆಲವು ತಂದೆ ತಾಯಿಗಳು ಗಟ್ಟಿಯಾಗಿ ನಂಬಿದ್ದರು! ದುಡ್ಡು ಕೊಟ್ಟು ಕೊಂಡದ್ದರ ಮೇಲೆ ನಂಬಿಕೆ ಹುಟ್ಟುವುದು ಸಹಜ. ತಾಯಿಯ ಕಣ್ಣಿಗಂತೂ ಕೂಸಿನ ಪ್ರತಿಯೊಂದು ಆಟವೂ ಜಾಣತನವೇ.

ಹಾಗಾದರೆ ಮೊಬೈಲಿನಲ್ಲಿ ಕಾರ್ಡು ನೋಡಿ ಪಟಪಟ ಹೇಳುವ ಕೂಸುಗಳು ಸುಳ್ಳೇ? ಸುಳ್ಳಲ್ಲ. ಆದರೆ ಅವು ಮಾಡುತ್ತಿರುವುದು ಗುರುತು ಹಿಡಿಯುವ ಕೆಲಸ. ನಮ್ಮೂರ ಎರಡು ವರ್ಷದ ಯಾವ ಹುಡುಗನಾದರೂ ಕಿರಾಣಿ ಅಂಗಡಿಯ ಮುಂದೆ ಪಾರ್ಲೆ-ಜಿ ಪುಡಿಕೆ ಕಂಡರೆ ಕೈ ಚಾಚುತ್ತಾನೆ. ಅವನು ಹೆಸರು ಓದಿಲ್ಲ, ಹಳದಿ ಬಣ್ಣ ಮತ್ತು ಪುಡಿಕೆಯ ಆಕಾರ ನೆನಪಿಟ್ಟಿದ್ದಾನೆ. 'ಅಮ್ಮ' ಎಂಬ ಕಾರ್ಡು ಗುರುತಿಸುವ ಕೂಸಿನ ಮುಂದೆ ಸೀಮೆಸುಣ್ಣದಿಂದ 'ಅಪ್ಪ' ಎಂದು ಬರೆದು ನೋಡಿರಿ. ಅಥವಾ ಅದೇ 'ಅಮ್ಮ'ವನ್ನು ಬೇರೆ ಬಣ್ಣದಲ್ಲಿ ಸಣ್ಣದಾಗಿ ಬರೆಯಿರಿ. ಓದು ಬಂದಿದ್ದರೆ ಓದಬೇಕು. ಓದು ಅಂದರೆ ಹಿಂದೆ ಕಾಣದ ಪದವನ್ನೂ ಅಕ್ಷರ ಕೂಡಿಸಿ ಬಿಡಿಸಿ ಹೇಳುವುದು, ಮತ್ತು ಹೇಳಿದ್ದು ಏನೆಂದು ತಿಳಿಯುವುದು. ಮೂರು, ನಾಲ್ಕು ವರ್ಷಕ್ಕೇ ತಾವಾಗಿ ಓದುವ ಮಕ್ಕಳು ಎಲ್ಲೋ ಒಬ್ಬರು ಇಬ್ಬರು ಇರುತ್ತಾರೆ. ಅವರನ್ನು ತಡೆಯಬಾರದು, ಪುಸ್ತಕ ಕೊಡಬೇಕು. ಅವರ ಹೆಸರಿನಲ್ಲಿ ಉಳಿದ ಎಲ್ಲರನ್ನೂ ಆ ಗಾಣಕ್ಕೆ ಕಟ್ಟಬಾರದು.

ಇನ್ನು ಕನ್ನಡದ ಲೆಕ್ಕ ನೋಡೋಣ. ಇದು ಇಂಗ್ಲಿಷಿನವರು ಬರೆದ ಪುಸ್ತಕಗಳಲ್ಲಿ ಸಿಗುವುದಿಲ್ಲ. ಇಂಗ್ಲಿಷಿಗೆ ಅಕ್ಷರ 26. ನಮ್ಮ ವರ್ಣಮಾಲೆಗೆ 49. ಅಷ್ಟಕ್ಕೇ ಮುಗಿಯಲಿಲ್ಲ. 34 ವ್ಯಂಜನಗಳಿಗೆ ಕಾಗುಣಿತ ಮಾಡಿದರೆ ಒಂದೊಂದಕ್ಕೆ 15 ರೂಪ, ಒಟ್ಟು 510. ಸ್ವರ ಮತ್ತು ಅನುಸ್ವಾರ ವಿಸರ್ಗದ 15 ಸೇರಿಸಿದರೆ 525. ಇದರ ಮೇಲೆ ಒತ್ತಕ್ಷರಗಳು. ಒಂದೊಂದನ್ನೂ ಚಿತ್ರದ ಹಾಗೆ ನೆನಪಿಡುತ್ತೇನೆ ಎಂದರೆ ದೊಡ್ಡವರಿಗೂ ಆಗದು. ಕನ್ನಡ ಓದಲು ಕಲಿಯುವುದೆಂದರೆ ತಲೆಕಟ್ಟು, ಇಳಿ, ಗುಡಿಸು, ಕೊಂಬು, ಏತ್ವ, ಒತ್ತು ಇವು ಎಲ್ಲಿ ಕೂಡಿದರೆ ಯಾವ ದನಿ ಹೊರಡುತ್ತದೆ ಎಂಬ ಕಟ್ಟಡದ ಗುಟ್ಟು ತಿಳಿಯುವುದು. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್ನಿನ ಸೋನಾಲಿ ನಾಗ್ ಅವರು ಕನ್ನಡ ಮಕ್ಕಳ ಓದನ್ನೇ ಅಭ್ಯಾಸ ಮಾಡಿದವರು. 2007ರಲ್ಲಿ ಪ್ರಕಟವಾದ ಅವರ ಲೇಖನ ಹೇಳುವುದು ಇದನ್ನೇ: ಇಂಗ್ಲಿಷ್ ಅಕ್ಷರ ಬೇಗ ಮುಗಿಯುತ್ತವೆ, ಕನ್ನಡದ ಅಕ್ಷರಜ್ಞಾನ ಪೂರ್ತಿ ಕೂಡಲು ಪ್ರಾಥಮಿಕ ಶಾಲೆಯ ಹಲವು ವರ್ಷಗಳೇ ಬೇಕು. ಎರಡನೇ ತರಗತಿಯ ಮಗು ಒತ್ತಕ್ಷರದಲ್ಲಿ ತಡವರಿಸಿದರೆ ಅದು ದಡ್ಡತನವಲ್ಲ, ಲಿಪಿಯ ಸ್ವಭಾವ. ಇಲ್ಲಿ ಕುಂತ ಪಾಲಕರು ಇದೊಂದನ್ನು ಮನೆಗೆ ಒಯ್ದರೂ ಎಷ್ಟೋ ಮಕ್ಕಳ ಬೆನ್ನಿನ ಮೇಲಿನ ಏಟು ತಪ್ಪುತ್ತದೆ.

ನಾನು ಇಂಜಿನಿಯರ್ ಆದ್ದರಿಂದ ನನಗೆ ಬಹಳ ಹಿಡಿಸಿದ ಒಂದು ಸೂತ್ರ ಹೇಳುತ್ತೇನೆ. 1986ರಲ್ಲಿ ಗಾಫ್ ಮತ್ತು ಟನ್ಮರ್ ಎಂಬ ಇಬ್ಬರು ವಿದ್ವಾಂಸರು ಓದನ್ನು ಒಂದು ಗುಣಾಕಾರವಾಗಿ ಬರೆದರು. ಅಕ್ಷರ ಬಿಡಿಸುವ ಶಕ್ತಿ ಗುಣಿಸು ಮಾತು ತಿಳಿಯುವ ಶಕ್ತಿ, ಬಂದ ಫಲ ಓದು. ಇದು ಕೂಡುವ ಲೆಕ್ಕವಲ್ಲ, ಗುಣಿಸುವ ಲೆಕ್ಕ. ಯಾವುದಾದರೂ ಒಂದು ಸೊನ್ನೆ ಆದರೆ ಉತ್ತರವೂ ಸೊನ್ನೆ. ಅಕ್ಷರ ಬಿಡಿಸುವುದನ್ನು ಆರು ವರ್ಷಕ್ಕೆ ಕಲಿಸಬಹುದು, ಏಳಕ್ಕೆ ಕಲಿಸಬಹುದು, ವಯಸ್ಕರ ಶಿಕ್ಷಣದಲ್ಲಿ ನಲವತ್ತಕ್ಕೂ ಕಲಿಸಿದ್ದಾರೆ. ಆದರೆ ಮಾತು ತಿಳಿಯುವ ಶಕ್ತಿ ತೊಟ್ಟಿಲಿನಿಂದಲೇ ಬೆಳೆಯಬೇಕು. ಅದನ್ನು ಕಾರ್ಡು ಬೆಳೆಸುವುದಿಲ್ಲ. ಮನುಷ್ಯರು ಬೆಳೆಸುತ್ತಾರೆ.

2018ರಲ್ಲಿ ಅಮೆರಿಕದ ಎಂಐಟಿಯ ಸಂಶೋಧಕರು ನಾಲ್ಕರಿಂದ ಆರು ವರ್ಷದ ಮಕ್ಕಳ ಮನೆಯ ಮಾತನ್ನು ಧ್ವನಿಮುದ್ರಿಸಿ, ಮಕ್ಕಳು ಕತೆ ಕೇಳುವಾಗ ಮೆದುಳು ಹೇಗೆ ಕೆಲಸ ಮಾಡುತ್ತದೆ ಎಂದು ನೋಡಿದರು. ಕಿವಿಗೆ ಬಿದ್ದ ಪದಗಳ ಎಣಿಕೆಗಿಂತ, ಮಗು ಒಂದು ಆಡಿ ದೊಡ್ಡವರು ಒಂದು ಆಡುವ ಕೊಡುಕೊಳ್ಳುವ ಮಾತಿಗೆ ಹೆಚ್ಚು ತೂಕ ಎಂದು ಕಂಡರು. ಟಿ.ವಿ. ಎಷ್ಟು ಮಾತಾಡಿದರೂ ಕೂಸು ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯಲ್ಲಿ ಎರಡು ವರ್ಷದೊಳಗಿನ ಕೂಸಿಗೆ ಕುಂತು ನೋಡುವ ಪರದೆ ಬೇಡವೇ ಬೇಡ, ಎರಡರಿಂದ ನಾಲ್ಕರವರೆಗೆ ದಿನಕ್ಕೆ ಒಂದು ತಾಸಿನೊಳಗೆ ಇರಲಿ ಎಂದಿದೆ.

ಇಲ್ಲಿ ನಮ್ಮ ಸೀಮೆಯ ಹಳೆಯ ಮಾತೊಂದು ನೆನಪಾಗುತ್ತದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಹೇಳುವ ನಾಲ್ಕು ಊರುಗಳಲ್ಲಿ ಕೊಪಣ, ನಮ್ಮ ಕೊಪ್ಪಳ, ಒಂದು. ಅದೇ ಗ್ರಂಥ ಈ ನಾಡಿನ ಜನ ಓದಿ ಅಭ್ಯಾಸ ಮಾಡದೆಯೂ ಕಾವ್ಯ ಕಟ್ಟುವ ಜಾಣರು ಎಂದು ಹೊಗಳುತ್ತದೆ. ಅದು ಬರೀ ಹೊಗಳಿಕೆ ಅನ್ನಿಸಿದರೆ ನಿಮ್ಮ ನಿಮ್ಮ ಮನೆಯ ಮುದುಕಿಯರನ್ನು ನೆನೆಯಿರಿ. ನನ್ನ ಅವ್ವನಿಗೆ ಓದು ಬರೆಹ ಇಲ್ಲ, ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು. ಆದರೆ ಬೀಸುವಾಗ, ಹೊಲದಲ್ಲಿ ಕಳೆ ತೆಗೆಯುವಾಗ ಅವಳು ಹಾಡಿದ ಹಾಡು, ಹಾಕಿದ ಒಗಟು, ಆಡಿದ ಗಾದೆ ಲೆಕ್ಕವಿಲ್ಲ. ರಾತ್ರಿ ಕತೆ ಹೇಳುವಾಗ ನಡುವೆ ನಿಲ್ಲಿಸಿ "ಮುಂದ ಏನಾತು ಹೇಳು?" ಎನ್ನುತ್ತಿದ್ದಳು. ನಾನು ತಪ್ಪು ಹೇಳಿದರೂ "ಹಂಗೂ ಆಗಿರಬೌದು" ಎಂದು ಕತೆಯನ್ನು ಆ ಕಡೆಗೇ ತಿರುಗಿಸುತ್ತಿದ್ದಳು. ಎಂಐಟಿಯವರು ಯಂತ್ರ ಇಟ್ಟು ಕಂಡದ್ದು ಇದನ್ನೇ.

ಈಗ ನನ್ನ ಹೆಂಡತಿಯ ಪ್ರಶ್ನೆಗೆ ಬರುತ್ತೇನೆ. ಇಂಜಿನಿಯರಿಂಗ್ ಮೊದಲ ವರ್ಷ ನನಗೆ ಕಷ್ಟವಾದದ್ದು ನಿಜ. ಪಾಠ ನಡೆಯುವಾಗ ಅರ್ಧ ತಿಳಿಯುತ್ತಿರಲಿಲ್ಲ, ಹಾಸ್ಟೆಲಿನಲ್ಲಿ ನಿಘಂಟು ಇಟ್ಟುಕೊಂಡು ಓದಿದೆ. ಆದರೆ ಆ ಕಷ್ಟದ ಬೇರು ಯಾವುದು? ನಾನು ಒಂದು ವರ್ಷದವನಿದ್ದಾಗ ಕಾರ್ಡು ತೋರಿಸದೆ ಇದ್ದದ್ದು ಅಲ್ಲ. ಐದರಿಂದ ಹತ್ತನೇ ತರಗತಿಯವರೆಗೆ ಇಂಗ್ಲಿಷನ್ನು ಆಡಲು, ಕೇಳಲು ಅವಕಾಶ ಸಿಗದೆ, ಪ್ರಶ್ನೋತ್ತರ ಬಾಯಿಪಾಠ ಮಾಡಿದ್ದು. ಎರಡನೆಯ ವರ್ಷಕ್ಕೆ ನಾನು ದಾರಿಗೆ ಬಂದೆ. ಬರಲು ನೆರವಾದದ್ದು ಯಾವುದು? ಒಂದು ವಿಷಯವನ್ನು ಕನ್ನಡದಲ್ಲಿ ಬುಡದಿಂದ ತಿಳಿದುಕೊಳ್ಳುವುದನ್ನು ಇದೇ ಶಾಲೆಯಲ್ಲಿ ನಮ್ಮ ಗಣಿತದ ಗುರುಗಳು, ವಿಜ್ಞಾನದ ಗುರುಗಳು ಕಲಿಸಿದ್ದರು. ಪದ ಹೊಸದಿತ್ತು, ವಿಚಾರ ಹಳೆಯದಿತ್ತು. ನನ್ನ ಮಗಳಿಗೆ ಇಂಗ್ಲಿಷ್ ಬೇಕು, ನಿಮ್ಮ ಮಕ್ಕಳಿಗೂ ಬೇಕು. ಅದಕ್ಕೆ ದಾರಿ ಹೈಸ್ಕೂಲು, ಪ್ರಾಥಮಿಕ ಶಾಲೆಗಳಲ್ಲಿ ಇಂಗ್ಲಿಷ್ ಆಡಿಸಿ ಕಲಿಸುವ ಶಿಕ್ಷಕರು. ತೊಟ್ಟಿಲಿಗೆ ಕಟ್ಟುವ ಕಾರ್ಡು ಅಲ್ಲ.

ಬೇಗ ಶುರು ಮಾಡಿದವರು ಕೊನೆವರೆಗೆ ಮುಂದೆಯೇ ಇರುತ್ತಾರೆಯೇ ಎಂದು ಕೇಳಬಹುದು. ನ್ಯೂಜಿಲೆಂಡಿನಲ್ಲಿ ಸೆಬಾಸ್ಟಿಯನ್ ಸಗ್ಗೇಟ್ ಎಂಬ ಸಂಶೋಧಕರು ಐದು ವರ್ಷಕ್ಕೆ ಓದು ಶುರು ಮಾಡಿದ ಮಕ್ಕಳನ್ನೂ ಏಳಕ್ಕೆ ಶುರು ಮಾಡಿದ ಮಕ್ಕಳನ್ನೂ ಹೋಲಿಸಿ ನೋಡಿದರು. ಸುಮಾರು ಹನ್ನೊಂದನೆಯ ವಯಸ್ಸಿಗೆ ಓದುವ ಶಕ್ತಿಯಲ್ಲಿ ಇಬ್ಬರೂ ಸರಿಸಮ ಬಂದಿದ್ದರು. ಫಿನ್ಲೆಂಡ್ ದೇಶದಲ್ಲಿ ಮಕ್ಕಳು ಒಂದನೇ ತರಗತಿಗೆ ಹೋಗುವುದೇ ಏಳನೆಯ ವರ್ಷಕ್ಕೆ. ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷದವರೆಗೆ ಒಂದೇ ತಳಪಾಯ ಎಂದು ಹೇಳಿ, ಅದರ ಮೊದಲ ಮೂರು ವರ್ಷ ಆಟದಲ್ಲೇ ಇರಲಿ ಎನ್ನುತ್ತದೆ. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂದು ನಮ್ಮ ರಾಜ್ಯ 2022ರಲ್ಲಿ ಆದೇಶ ಮಾಡಿತು. 2025-26ರಿಂದ ಜಾರಿ ಎಂದಾಗ ಪಾಲಕರ ಒತ್ತಾಯ ಎಷ್ಟಿತ್ತೆಂದರೆ, ಆ ವರ್ಷದ ಮಟ್ಟಿಗೆ ಅದನ್ನು ಐದು ವರ್ಷ ಐದು ತಿಂಗಳಿಗೆ ಇಳಿಸಬೇಕಾಯಿತು. ಅವಸರ ನಮ್ಮಲ್ಲೇ ಇದೆ.

ಆ ಅವಸರ ನಮ್ಮೂರಿಗೂ ಬಂದಿದೆ. ಬೆಳಿಗ್ಗೆ ಎಂಟಕ್ಕೆ ಅಗಸಿಯ ಮುಂದೆ ನಿಂತರೆ ಕಾಣುತ್ತದೆ. ಮೂರು ವರ್ಷದ ಕೂಸುಗಳು ಟೈ ಕಟ್ಟಿಕೊಂಡು, ನಿದ್ದೆಗಣ್ಣಲ್ಲಿ ಕಾನ್ವೆಂಟಿನ ವ್ಯಾನ್ ಹತ್ತುತ್ತವೆ. ನನ್ನ ಅಣ್ಣನ ಮಗನೂ ಅದರಲ್ಲಿ ಒಬ್ಬ. ಅಣ್ಣ ತೊಗರಿ ಮಾರಿ ಬಂದ ದುಡ್ಡಿನಲ್ಲಿ ಫೀ ಕಟ್ಟುತ್ತಾನೆ. ಅವನನ್ನು ಕೇಳಿದರೆ "ಅಂಗನವಾಡ್ಯಾಗ ಬರೇ ಉಪ್ಪಿಟ್ಟು ಕೊಟ್ಟು ಮಲಗಸ್ತಾರ, ಕಲಸೋದು ಏನೈತಿ?" ಎನ್ನುತ್ತಾನೆ. 2024ರಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ 'ಅಕ್ಷರ ಆವಿಷ್ಕಾರ'ದ ಹೆಸರಿನಲ್ಲಿ ನಮ್ಮ ಭಾಗದ ಸುಮಾರು ಸಾವಿರ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯಲು ಹೊರಟಿತು. ಮಕ್ಕಳೆಲ್ಲ ಆ ಕಡೆ ಹೋದರೆ ನಮ್ಮ ಕೇಂದ್ರಗಳು ಬರಿದಾಗುತ್ತವೆ ಎಂದು ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದರು. ಎರಡೂ ಕಡೆ ನ್ಯಾಯವಿತ್ತು. ಪಾಲಕರು ಬಯಸುವುದು ಸರ್ಕಾರಿ ಶಾಲೆಯಲ್ಲೇ ಸಿಗಲಿ ಎನ್ನುವುದು ಸರಿ. ಊಟ, ತೂಕ, ಚುಚ್ಚುಮದ್ದು, ಬಾಣಂತಿಯ ಆರೈಕೆ ಎಲ್ಲ ನೋಡುವ ಕಾರ್ಯಕರ್ತೆಯ ಕೈ ಬಲಪಡಿಸದೆ ಮೇಲೆ ಇನ್ನೊಂದು ಕಟ್ಟುವುದು ಸರಿಯಲ್ಲ ಎನ್ನುವುದೂ ಸರಿ.

ಅಂಗನವಾಡಿ ಯೋಜನೆ, ಐಸಿಡಿಎಸ್, ದೇಶದಲ್ಲಿ ಶುರುವಾದದ್ದು 1975ರ ಅಕ್ಟೋಬರ್ 2ರಂದು. ನಮ್ಮ ಶಾಲೆಗೂ ಅದಕ್ಕೂ ಒಂದೇ ವಯಸ್ಸು. ಶಾಲೆಗೆ ಈ ಪೆಂಡಾಲು, ಈ ಹಾರ, ಈ ಸಂಚಿಕೆ ಎಲ್ಲ ಆಯಿತು. ಕಾಂಪೌಂಡಿನ ಆ ಕಡೆಯ ಅಂಗನವಾಡಿಗೆ ಯಾರೂ ಒಂದು ಹೂವು ಇಟ್ಟಿಲ್ಲ. ಈ ಶಾಲೆಗೆ ಬಂದ ಮಕ್ಕಳಲ್ಲಿ ಎಷ್ಟೋ ಜನ ಮೊದಲು ಕೈ ಕಟ್ಟಿ ಕುಂತದ್ದು ಅಲ್ಲಿಯೇ.

ನಮ್ಮ ನಿಜವಾದ ಕಷ್ಟ ಎಲ್ಲಿದೆ ಎನ್ನುವುದನ್ನೂ ಹೇಳಬೇಕು. ಪ್ರಥಮ್ ಸಂಸ್ಥೆಯ ಅಸರ್ ಸಮೀಕ್ಷೆ ಹಳ್ಳಿಗಳಿಗೆ ಹೋಗಿ ಮಕ್ಕಳನ್ನು ಓದಿಸಿ ನೋಡುತ್ತದೆ. ಕರ್ನಾಟಕದ ಹಳ್ಳಿಗಳಲ್ಲಿ ಐದನೇ ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳು ಎರಡನೇ ತರಗತಿಯ ಪಾಠವನ್ನು ಸರಾಗ ಓದಲಾರರು ಎಂದು ಅದರ ಇತ್ತೀಚಿನ ವರದಿಗಳು ಹೇಳುತ್ತವೆ. ಈ ಮಕ್ಕಳಿಗೆ ಅಕ್ಷರ ತಡವಾಗಿ ಸಿಕ್ಕಿದ್ದಲ್ಲ, ಐದಾರು ವರ್ಷಕ್ಕೇ ಸಿಕ್ಕಿದೆ. ಸಿಕ್ಕದ್ದು ನೆಲೆಯೂರಲಿಲ್ಲ. ಮನೆಯಲ್ಲಿ "ಅವ್ವ ಬುತ್ತಿ ತಗೊಂಡು ಹೊಲಕ್ಕ ಹೊಂಟಾಳ" ಎನ್ನುವ ಮಗು ಪುಸ್ತಕದಲ್ಲಿ "ತಾಯಿ ಬುತ್ತಿಯನ್ನು ತೆಗೆದುಕೊಂಡು ಹೊಲಕ್ಕೆ ಹೊರಟಿದ್ದಾಳೆ" ಎಂದು ಕಂಡಾಗ ಅದಕ್ಕೆ ಇನ್ನೊಂದು ಭಾಷೆಯೇ ಎದುರಾದಂತೆ. ಈ ಎರಡು ದಂಡೆಗೆ ಸೇತುವೆ ಕಟ್ಟುವುದು ಕತೆ. ಪುಸ್ತಕದ ಕನ್ನಡವನ್ನು ಓದುವ ಮುಂಚೆ ನೂರು ಸಲ ಕೇಳಿದ ಮಗುವಿಗೆ ಆ ದಂಡೆ ದೂರ ಅನ್ನಿಸುವುದಿಲ್ಲ.

ಇನ್ನೂ ಒಂದು ಮಾತು. ಬೆಂಗಳೂರಿನಲ್ಲಿ ನಾನಿರುವ ಬಡಾವಣೆಯ ಪಕ್ಕ ಹದಿನಾಲ್ಕು ಅಂತಸ್ತಿನ ಕಟ್ಟಡ ಏಳುತ್ತಿದೆ. ಅಲ್ಲಿ ಗಾರೆ ಹೊರುವವರ ಮಾತು ಕಿವಿಗೆ ಬಿದ್ದಾಗ ನಿಂತು ಕೇಳಿದೆ. ಯಲಬುರ್ಗಾ ಕಡೆಯವರು, ಕುಷ್ಟಗಿ ಕಡೆಯವರು. ಮಳೆ ಕೈಕೊಟ್ಟು ಗುಳೆ ಬಂದವರು. ತಗಡಿನ ಶೆಡ್ಡಿನ ಮುಂದೆ ಉಸುಕಿನ ರಾಶಿಯಲ್ಲಿ ನನ್ನ ಮಗಳ ವಯಸ್ಸಿನ ಕೂಸು ಕುಂತಿತ್ತು, ಅದನ್ನು ನೋಡಿಕೊಳ್ಳಲು ಅದರ ಏಳು ವರ್ಷದ ಅಕ್ಕ. ಆ ಅಕ್ಕ ಈಗ ಶಾಲೆಯಲ್ಲಿರಬೇಕಿತ್ತು. ಇತ್ತ ಒಂದು ಕೂಸಿಗೆ ಹನ್ನೆರಡು ಸಾವಿರದ ಪೆಟ್ಟಿಗೆ, ಅತ್ತ ಒಂದು ಕೂಸಿಗೆ ಮಾತಾಡಿಸಲು ದೊಡ್ಡವರಿಲ್ಲ. ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಎಂಬ ಶಿಶುಪಾಲನಾ ಕೇಂದ್ರ ತೆರೆಯುತ್ತಿರುವುದು ಇಂಥ ತಾಯಂದಿರಿಗಾಗಿ. 2023-24ರಲ್ಲಿ ನಾಲ್ಕು ಸಾವಿರ ಪಂಚಾಯಿತಿಗಳ ಗುರಿ ಹೇಳಲಾಗಿತ್ತು. ಊರಲ್ಲಿ ಉದ್ಯೋಗ ಖಾತ್ರಿ ಕೆಲಸ ಮತ್ತು ಕೂಸಿಗೆ ನೆರಳು ಎರಡೂ ಸಿಕ್ಕರೆ ಆ ಅಕ್ಕ ಶಾಲೆಗೆ ಹೋಗುತ್ತಾಳೆ. ಎಳೆಯ ವಯಸ್ಸಿನ ಕಲಿಕೆಯ ಬಗ್ಗೆ ನಮಗೆ ನಿಜವಾಗಿ ಅವಸರ ಇರಬೇಕಾದದ್ದು ಇಲ್ಲಿ.

ಹಾಗಾದರೆ ಏನು ಮಾಡಬೇಕು? ಅಕ್ಕ ತಂಗಿಯರೇ, ನಾನು ಹೇಳುವುದರಲ್ಲಿ ಬಹಳಷ್ಟು ನೀವು ಮಾಡುತ್ತಲೇ ಇದ್ದೀರಿ. ಕೂಸು 'ಅಂ' ಎಂದರೆ ನೀವೂ 'ಅಂ' ಎನ್ನಿರಿ, ಅದು ಮೊದಲ ಸಂಭಾಷಣೆ. ಎರೆಯುವಾಗ ಕೈ, ಕಾಲು, ಮೂಗು ಹೆಸರಿಟ್ಟು ಹೇಳಿರಿ. ಚರಿಗಿ, ಗಂಗಾಳ, ಮೊರ, ಕುಡಗೋಲು ಯಾವುದು ಕಂಡರೂ ಅದರ ಹೆಸರು, ಅದರ ಕೆಲಸ ಹೇಳಿರಿ. ಜೋಗುಳ ಬಿಡಬೇಡಿರಿ. ಎರಡು ವರ್ಷಕ್ಕೆ ಚಿತ್ರದ ಪುಸ್ತಕ ಕೈಗೆ ಕೊಡಿರಿ, ಹರಿದರೆ ಹರಿಯಲಿ, ನೀವು ಓದು ಬಾರದವರಿದ್ದರೂ ಚಿತ್ರ ನೋಡಿ ಕತೆ ಕಟ್ಟಲು ಅಡ್ಡಿಯಿಲ್ಲ. ಮೂರರಿಂದ ಆರರವರೆಗೆ ಒಗಟು, ಪ್ರಾಸದ ಆಟ, 'ಕ'ದಿಂದ ಶುರುವಾಗುವ ಐದು ಹೆಸರು ಹೇಳುವ ಆಟ, ಅಂಗಳದಲ್ಲಿ ಸೀಮೆಸುಣ್ಣ. ಮಗು ತಾನಾಗಿ "ಇದು ಏನು ಬರದೈತಿ?" ಎಂದು ಕೇಳಿದರೆ ಆ ದಿನ ಆ ಅಕ್ಷರ ಹೇಳಿಕೊಡಿರಿ. ಕೇಳದಿದ್ದರೆ ಚಿಂತಿಸಬೇಡಿರಿ. ಆದರೆ ಕೂಸು ದನಿಗೆ ತಿರುಗದಿದ್ದರೆ, ಎರಡು ವರ್ಷವಾದರೂ ಎರಡು ಪದ ಕೂಡಿಸಿ ಆಡದಿದ್ದರೆ, "ತಡವಾಗಿ ಮಾತು ಬರತೈತಿ ಬಿಡು" ಎಂದು ಕೂಡಬೇಡಿರಿ, ಡಾಕ್ಟರಿಗೆ ತೋರಿಸಿ ಕಿವಿ ಪರೀಕ್ಷೆ ಮಾಡಿಸಿರಿ. ತಡ ಮಾಡಬಾರದ ಕೆಲಸ ಅದು.

ನಮ್ಮ ಕೊಪ್ಪಳ ಜಿಲ್ಲೆಗೆ ಇನ್ನೊಂದು ಸಂಪತ್ತು ಇದೆ. ಕಿನ್ನಾಳದ ಚಿತ್ರಗಾರರು ಹಗುರ ಕಟ್ಟಿಗೆಯಲ್ಲಿ ಕೆತ್ತಿ ಬಣ್ಣ ಹಾಕುವ ಗೊಂಬೆಗಳಿಗೆ ಭೌಗೋಳಿಕ ಗುರುತು ಸಿಕ್ಕಿದೆ. ಅವು ನಮ್ಮ ಊರಿನ ಟಿ.ವಿ. ಷೋಕೇಸಿನಲ್ಲಿ, ಅಧಿಕಾರಿಗಳಿಗೆ ಕೊಡುವ ನೆನಪಿನ ಕಾಣಿಕೆಯಲ್ಲಿ ಮಾತ್ರ ಕಾಣುತ್ತವೆ. ಆ ಹುಲಿ, ಆನೆ, ಗಿಳಿಯನ್ನು ನಡುವೆ ಇಟ್ಟುಕೊಂಡು ಅಜ್ಜಿ ಹೇಳುವ ಕತೆಯ ಮುಂದೆ ಯಾವ ಕಾರ್ಡೂ ನಿಲ್ಲದು. ಮಕ್ಕಳಿಗಾಗಿ ಪದ್ಯ ಬರೆದ ಕಾವ್ಯಾನಂದ ಸಿದ್ಧಯ್ಯ ಪುರಾಣಿಕರು ಯಲಬುರ್ಗಾ ಸೀಮೆಯ ದ್ಯಾಂಪುರದವರು ಎಂಬುದನ್ನೂ ನಮ್ಮ ಮಕ್ಕಳಿಗೆ ಹೇಳಬೇಕು.

ಈಗ ಹಣದ ಮಾತು. ಬಳಗದ ಮುಂದೆ ನನ್ನ ಸೂಚನೆ ಇಷ್ಟು. ಟಿ.ವಿ. ಮತ್ತು ಕಾರ್ಡಿನ ಸೆಟ್ಟು ಬೇಡ. ಅದೇ ಹಣದಲ್ಲಿ ಅಂಗನವಾಡಿಗೆ ಗಟ್ಟಿ ಜಮಖಾನ, ಮಕ್ಕಳ ಕೈಗೆಟಕುವ ಎತ್ತರದ ಕಪಾಟು, ಕನ್ನಡದ ಚಿತ್ರಪುಸ್ತಕ, ಒಂದಿಷ್ಟು ಆಟಿಕೆ ಕೊಡೋಣ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಕತೆಗಳು ಉಚಿತ, ಮುದ್ರಿಸಿ ಹಂಚಲೂ ಅನುಮತಿ ಇದೆ. ಆ ಕೆಲಸ ನಾನು ಮಾಡಿಕೊಡುತ್ತೇನೆ. ಎರಡನೆಯದು, ನಮ್ಮ ಪಂಚಾಯಿತಿ ಗ್ರಂಥಾಲಯ, ಅಂದರೆ ಅರಿವು ಕೇಂದ್ರ. 2020ರ 'ಓದುವ ಬೆಳಕು' ಕಾರ್ಯಕ್ರಮದಿಂದ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಇದೆ. ಆರರ ಒಳಗಿನವರಿಗೂ ಒಂದು ಮೂಲೆ ಬಿಡಿಸಿ, ಶನಿವಾರ ಒಂದು ತಾಸು ಕತೆ ಹೇಳುವ ಏರ್ಪಾಡು ಮಾಡೋಣ. ಹೇಳುವವರು ಯಾರು? ಹೈಸ್ಕೂಲಿನ ಎಂಟು, ಒಂಬತ್ತನೇ ತರಗತಿಯ ಮಕ್ಕಳು ಸರದಿಯಂತೆ ಗಟ್ಟಿಯಾಗಿ ಓದಲಿ. ಓದಿನಲ್ಲಿ ಹಿಂದಿರುವ ಹುಡುಗನಿಗೆ, ಸಣ್ಣ ಮಕ್ಕಳ ಮುಂದೆ ಸಣ್ಣ ಪುಸ್ತಕ ಓದುವುದು ಅವಮಾನವಲ್ಲ, ಗೌರವ. ಒಂದೇ ಏಟಿಗೆ ಎರಡು ಕೆಲಸ. ಮೂರನೆಯದು, ಊರಿನ ಇಬ್ಬರು ಅಜ್ಜಿಯರನ್ನು ತಿಂಗಳಿಗೊಮ್ಮೆ ಅಂಗನವಾಡಿಗೆ ಕರೆಸಿ ಹಾಡು, ಕತೆ ಹೇಳಿಸೋಣ, ಸೀರೆ ಕುಪ್ಪಸ ಕೊಟ್ಟು ಗುರುಗಳಿಗೆ ಮಾಡುವ ಮರ್ಯಾದೆಯನ್ನೇ ಮಾಡೋಣ. ಅವರ ಹಾಡುಗಳನ್ನು ಧ್ವನಿಮುದ್ರಿಸಿ ಇಡುವ ಜವಾಬ್ದಾರಿಯೂ ನನ್ನದು.

ಟಿ.ವಿ. ಸಲಹೆ ಕೊಟ್ಟ ಗೆಳೆಯ ಇಲ್ಲೇ ಕುಂತಿದ್ದಾನೆ. ಅವನ ಮನಸ್ಸು ಒಳ್ಳೆಯದು ಎಂದು ಎಲ್ಲರಿಗಿಂತ ನನಗೆ ಗೊತ್ತು, ನಾವಿಬ್ಬರೂ ಒಂದೇ ಬೆಂಚಿನವರು. ನಮ್ಮ ಹುಡುಗರು ಹಿಂದೆ ಬೀಳಬಾರದು ಎಂಬ ಅವನ ಮಾತನ್ನು ನಾನೂ ಒಪ್ಪುತ್ತೇನೆ. ಬಿತ್ತಿದ ಮರುದಿನ ಮೊಳಕೆ ಎಳೆದು ಉದ್ದ ಮಾಡುವ ಒಕ್ಕಲಿಗ ನಮ್ಮ ಸೀಮೆಯಲ್ಲಿ ಯಾರೂ ಇಲ್ಲ. ಆದರೆ ಹದ ನೋಡದೆ ಬಿತ್ತುವವನೂ ಇಲ್ಲ, ಹೊಲ ಹಸನು ಮಾಡದೆ ಮಳೆಗೆ ಕಾಯುವವನೂ ಇಲ್ಲ. ಮೊದಲ ಆರು ವರ್ಷ ಹೊಲ ಹಸನು ಮಾಡುವ ಕಾಲ. ಅದು ಸುಮ್ಮನೆ ಕೂಡುವ ಕಾಲವಲ್ಲ, ಬಹಳ ಕೆಲಸದ ಕಾಲ.

ಮಧ್ಯಾಹ್ನದ ಸಭೆಯಲ್ಲಿ ಬಳಗ ಈ ಬಗ್ಗೆ ತೀರ್ಮಾನ ಮಾಡುತ್ತದೆ. ಅದಕ್ಕೆ ಮುಂಚೆ ಪಕ್ಕದ ಅಂಗನವಾಡಿಯ ಕಾರ್ಯಕರ್ತೆಯನ್ನೂ ಸಹಾಯಕಿಯನ್ನೂ ಕರೆದು, ಅವರಿಗೆ ಏನು ಬೇಕು ಎಂದು ಕೇಳಿರಿ ಎಂದು ಬೇಡಿಕೊಳ್ಳುತ್ತೇನೆ.